ಮೂರನೇ ಸಲದ ಮಂಚ

ರಬ್ಬರ್ ಶೀಟಿಗೆ ಸೋಪು ಹಚ್ಚಿ ಕಲ್ಲಿನ ಮೇಲೆ ತಿಕ್ಕುತ್ತಿದ್ದೆ. ಒಳಗಿನಿಂದ ನರ್ಸ್ ಸ್ವರ್ಣಲತಾ ಕೂಗಿದಳು.

"ಬೆಟ್ಟಮ್ಮ, ಅರಕಲಗೂಡಿನಿಂದ ಗೌರೀಶಂಕರ ಫೋನ್ ಮಾಡಿದ್ದ. ಈ ತಿಂಗಳ ಸರ್ವೆ ಬಂದಿದೆಯಂತೆ."

"ಬರ್ಲಿ ಬುಡವ್ವ. ಇದೊಂದು ಒಗ್ದಾಕ್ಬುಟ್ಟು ಬತ್ತೀನಿ."

ಮಲ್ಲಿಪಟ್ಟಣದ ಆಚೆ ನಮ್ಮೂರಿನ ಆರೋಗ್ಯ ಉಪಕೇಂದ್ರದಲ್ಲಿ ಅವಳು ನರ್ಸು, ನಾನು ಆಯಾ. ಎರಡು ಸಾವಿರದ ಏಳರ ಕೊನೆಗೆ ಹಾಸನದ ಒಂದು ಸಂಸ್ಥೆಯವರು ಹಳ್ಳಿ ನರ್ಸುಗಳಿಗೆ ತಿಂಗಳಿಗೊಮ್ಮೆ ಇಂಟರ್‌ನೆಟ್ಟಿನಲ್ಲಿ ಪ್ರಶ್ನೆ ಕಳಿಸಲು ಶುರು ಮಾಡಿದ್ದರು. ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಲಸಿಕೆ ತರಲು ಅರಕಲಗೂಡಿಗೆ ಹೋದಾಗ ಗೌರೀಶಂಕರನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಉತ್ತರ ಕೊಡುತ್ತಿದ್ದೆವು. ಪ್ರಶ್ನೆಗಳು ಕನ್ನಡದಲ್ಲೇ ಇದ್ದವು, ಅಕ್ಷರಗಳು ಮಾತ್ರ ಒಂದರ ತಲೆಯ ಮೇಲೊಂದು ಹತ್ತಿ ಕೂತಿರುತ್ತಿದ್ದವು.

ನಮಗೆ ಬೇಕಾಗಿದ್ದುದು ಒಂದು ಹೆರಿಗೆ ಮಂಚ. ಇದ್ದ ಮಂಚಕ್ಕೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ ಪೇರಿಸಿದ್ದೆವು, ಆದರೆ ನೋವು ತಿನ್ನುವ ಹೆಂಗಸು ಒದ್ದಾಡಿದರೆ ಇಟ್ಟಿಗೆ ಜಾರುತ್ತಿತ್ತು. ಹಾಗಾಗಿ ಹೆರಿಗೆ ಮುಗಿಯುವ ತನಕ ಆ ಮೂಲೆಯನ್ನು ನಾನು ಹಿಡಿದು ಕೂರಬೇಕು. ಊರಿನ ಎಷ್ಟೋ ಮಕ್ಕಳು ಹುಟ್ಟಿದ್ದನ್ನು ಕಿವಿಯಲ್ಲಿ ಕೇಳಿದ್ದೇನೆ, ಕಣ್ಣಲ್ಲಿ ಕಂಡಿಲ್ಲ. ಮಂಚದ ಕೆಳಗಿನಿಂದ ಕಾಣುವುದು ನರ್ಸಮ್ಮನ ಚಪ್ಪಲಿ ಮಾತ್ರ.

ಈಗ ನನ್ನ ಮೊಮ್ಮಗಳು ಹಂಸ ಹೆರಿಗೆಗೆ ಬಂದಿದ್ದಳು. ಯುಗಾದಿಯ ಆಸುಪಾಸಿಗೆ ದಿನ ತುಂಬುತ್ತಿತ್ತು. ಮರಿಮಗುವನ್ನು ಮೊದಲು ಎತ್ತಿಕೊಳ್ಳುವ ಕೈ ನನ್ನದಾಗಬೇಕೆಂದು ಆಸೆ. ಮಂಚದ ಕಾಲಾಗಿ ಕೂತರೆ ಅದು ಆಗುವ ಮಾತಲ್ಲ.

ಮಂಚ ಕೇಳಿ ತಾಲ್ಲೂಕಿನ ಡಾಕ್ಟರಿಗೆ ಸ್ವರ್ಣಲತಾ ದೀಪಾವಳಿಗೆ ಮುಂಚೆಯೇ ಕಾಗದ ಬರೆದಿದ್ದಳು. ಕಳಿಸಬೇಕು ಅನ್ನುವಷ್ಟರಲ್ಲಿ ಮೊದಲ ಸರ್ವೆ ಬಂತು. ಅದರಲ್ಲೇ ಇತ್ತು: 'ನಿಮ್ಮ ಕೇಂದ್ರಕ್ಕೆ ಹೊಸ ಸಲಕರಣೆ ಬೇಕೇ?' ಅವರೇ ಕೇಳುತ್ತಿರುವಾಗ ನಾವು ಕೇಳುವುದೇಕೆಂದು ಕಾಗದ ಕ್ಯಾಲೆಂಡರಿನ ಹಿಂದೆ ಹೋಯಿತು.

ಸ್ವರ್ಣಲತಾ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು. ಅವರ ಮನೆಯ ಪಂಕ್ತಿಯಲ್ಲಿ ಬಡಿಸಲು ಬಂದವರಿಗೆ ಎರಡು ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ ಬಲವಂತ ಮಾಡಿದಾಗ ಕೈ ತೆಗೆಯಬೇಕು. ನಮ್ಮ ಕಡೆಯೂ ಹಾಗೆಯೇ, ನಾವು ಬೆರಳ ಸಂದಿ ಸ್ವಲ್ಪ ಅಗಲ ಬಿಡುತ್ತೇವೆ, ಅಷ್ಟೆ.

"ಏನು ಒತ್ತೋಣ ಬೆಟ್ಟಮ್ಮ?" ಎಂದು ಆ ಮೊದಲ ಸರ್ವೆಯ ದಿನ ಅವಳು ಕೇಳಿದ್ದಳು.

"ಮೊದಲ್ನೇ ಸಲವೇ ಊಂ ಅಂದ್ರೆ ಅಸ್ಕೊಂಡಿರೋರಂಗೆ ಕಾಣ್ತದೆ ಕಣವ್ವ."

"ನಾನೂ ಅದೇ ಅಂದ್ಕೊಂಡೆ." ಅವಳು 'ಬೇಡ' ಒತ್ತಿದಳು.

ಗೌರೀಶಂಕರ ತಿರುಗಿ ನೋಡಿದ. "ಬೆಳಗಿಂದ ಮಂಚ ಮಂಚ ಅಂತಿದ್ರಲ್ಲ ಮೇಡಂ?"

"ನೀ ಸುಮ್ಕಿರ್ಲಾ. ಮುಂದಿನ ತಿಂಗ್ಳು ಇನ್ನೊಂದ್ ದಪ ಕೇಳ್ತರೆ."

ಕೇಳಿದರು. ಅದೇ ಪ್ರಶ್ನೆ, ಅದೇ ಜಾಗದಲ್ಲಿ. ಮರ್ಯಾದಸ್ಥ ಜನ ಎಂದು ನನಗೆ ಸಮಾಧಾನವಾಯಿತು. ಎರಡನೇ 'ಬೇಡ'ವನ್ನು ಸ್ವರ್ಣಲತಾ ಸ್ವಲ್ಪ ನಾಚಿಕೊಂಡೇ ಒತ್ತಿದಳು.

ರಬ್ಬರ್ ಶೀಟು ಒಣಹಾಕಿ ಹೊರಟ ಆ ದಿನದ್ದು ಮೂರನೆಯದು. ಹೊಸ ಮಂಚವನ್ನು ಕಿಟಕಿಯ ಕಡೆಗೆ ಹಾಕುವುದೋ ಬಾಗಿಲ ಕಡೆಗೋ ಎಂದು ಬಸ್ಸಿನುದ್ದಕ್ಕೂ ವಾದ ಮಾಡಿದೆವು. ಗೌರೀಶಂಕರ ಪುಟ ತೆಗೆದ. ಪ್ರಶ್ನೆಯೇ ಇಲ್ಲ. ಅದರ ಜಾಗದಲ್ಲಿ, 'ಯಾವ ಕೊರತೆಯೂ ಇಲ್ಲದೆ ಕೇಂದ್ರ ನಡೆಸುತ್ತಿರುವ ಗುಟ್ಟೇನು?' ಎಂದಿತ್ತು.

"ಎರಡು ಸಲ ಬೇಡ ಅಂದೋರಿಗೆ ಅದು ಮತ್ತೆ ಕೇಳಲ್ಲ ಅಂತ ಕಾಣುತ್ತೆ," ಅಂದ ಗೌರೀಶಂಕರ.

"ಬಲವಂತ ಮಾಡಾಕಿಲ್ವಾ?"

"ಅಜ್ಜಿ, ಅದು ಕಂಪ್ಯೂಟರ್. ನಿಮ್ಮ ಬೀಗಿತ್ತಿ ಅಲ್ಲ."

ಏನು ಬರೆಯುವುದೆಂದು ತಿಳಿಯದೆ ಸ್ವರ್ಣಲತಾ 'ಎಲ್ಲರ ಸಹಕಾರ' ಎಂದು ಬರೆದುಬಿಟ್ಟಳು. ಅದನ್ನು ಓದಿಕೊಂಡು ಮುಂದಿನ ವಾರವೇ ಸರ್ವೆ ನಡೆಸುವ ಗಿರಿಧರ ಎನ್ನುವವರು ಕ್ಯಾಮೆರಾ ಸಮೇತ ಹಾಸನದಿಂದ ಬಂದರು. ಕೊರತೆಯಿಲ್ಲದ ಕೇಂದ್ರ ಅವರಿಗೆ ಸಿಕ್ಕಿದ್ದು ನಮ್ಮದೊಂದೇ ಅಂತೆ.

ಕುರ್ಚಿ ತರುವಷ್ಟರಲ್ಲಿ ಅವರು ಮಂಚದ ಮೇಲೆ ಕೂತರು. ನಾನು ಓಡಿಹೋಗಿ ಮೂಲೆ ಹಿಡಿದೆ.

"ಯಾಕಜ್ಜಿ ಕೆಳಗೆ ಕೂತ್ರಿ?"

"ಅಭ್ಯಾಸ ಸಾ."

ಸ್ವರ್ಣಲತಾ ಕಾಫಿ ತಂದಳು.

"ಬೇಡಮ್ಮ, ಈಗ ತಾನೇ ಆಯ್ತು," ಎಂದರು ಗಿರಿಧರ.

ಅವಳು ಇನ್ನೊಮ್ಮೆ ಕೇಳಲು ಬಾಯಿ ತೆರೆದಳು. ನಾನು ಕೆಳಗಿನಿಂದ ಅವಳ ಸೆರಗು ಜಗ್ಗಿದೆ. "ಬ್ಯಾಡ ಅಂದ್ರಲ್ಲ, ತಗಂಡೋಗು ಒಳೀಕೆ."

ಗಿರಿಧರರ ಕಣ್ಣು ಲೋಟದ ಹಿಂದೆಯೇ ಅಡುಗೆಕೋಣೆಯವರೆಗೆ ಹೋಯಿತು. ಸ್ವಲ್ಪ ಹೊತ್ತು ಕ್ಯಾಮೆರಾ ಒರೆಸಿದರು. ಆಮೇಲೆ ತಡೆಯಲಾಗದೆ, "ಇನ್ನೊಂದ್ಸಲ ಕೇಳ್ತೀರಿ ಅಂತ ಇದ್ದೆ," ಎಂದರು.

"ನಾವೂ ಅಂಗೇ ಅಂದ್ಕಂಡಿದ್ವಿ ಸಾ," ಎಂದು ನಾನು ಕೈ ಬಿಟ್ಟೆ.

ಇಟ್ಟಿಗೆ ಜಾರಿತು. ಮಂಚ ನಿಧಾನವಾಗಿ ವಾಲಿತು. ಗಿರಿಧರ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನನ್ನ ಮಡಿಲಿಗೆ ಬಂದರು. ಆ ಕೋಣೆಯಲ್ಲಿ ನನ್ನ ಕೈಗೆ ಬಂದ ಮೊದಲನೆಯವರು ಅವರೇ.

"ಇದನ್ನ ಸರ್ವೆಯಲ್ಲಿ ಯಾಕಮ್ಮ ಹೇಳಲಿಲ್ಲ?" ಎಂದು ಅಲ್ಲಿಂದಲೇ ಕೇಳಿದರು.

ಸ್ವರ್ಣಲತಾ ಎಲೆ, ಅಡ್ಡ ಹಿಡಿಯುವ ಕೈ, ಮೂರನೇ ಸಲ ಎಲ್ಲವನ್ನೂ ವಿವರಿಸಿದಳು. ಅವರು ನಗಲಿಲ್ಲ. ಚನ್ನರಾಯಪಟ್ಟಣದ ಅವರ ಮನೆಯಲ್ಲೂ ಅದೇ ಪದ್ಧತಿಯಂತೆ. "ಸರ್ವೆ ಬರೀ ಎಣಿಸುತ್ತೆ ಕಣಮ್ಮ. ಮಂಚ ಕೊಡೋರು ತಾಲ್ಲೂಕಿನವರು. ಅವರಿಗೆ ಒಂದು ಕಾಗದ ಬರೀರಿ."

"ಬರೆದಿದೆ ಸಾರ್," ಎಂದು ಅವಳು ಕ್ಯಾಲೆಂಡರಿನ ಹಿಂದಕ್ಕೆ ಕೈ ಹಾಕಿದಳು. ಕಾಗದದ ಮಡಿಕೆಯಲ್ಲಿ ಜೇಡ ಸಂಸಾರ ಹೂಡಿತ್ತು.

ಗಿರಿಧರ ಯಾರೂ ಕೇಳದೆಯೇ ಎರಡು ಲೋಟ ಕಾಫಿ ಕುಡಿದು ಹೊರಟರು. ನಾನು ಕಾಗದ ಬಿಡಿಸಿ, ರಾತ್ರಿ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ ಕೊನೆಗೊಂದು ಸಾಲು ಸೇರಿಸಿದೆ: 'ದಯವಿಟ್ಟು ಇದನ್ನು ಮೂರನೇ ಸಲವೆಂದು ತಿಳಿಯುವುದು.'

ಅನ್ನದ ಅಗುಳಿನಲ್ಲಿ ಲಕೋಟೆ ಅಂಟಿಸುತ್ತಿದ್ದಾಗ ಹಂಸ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. "ಜಲ್ದಿ ಆಕ್ಬುಟ್ಟು ಬಾ ಅಜ್ಜಿ. ದಿನ ತುಂಬುದ್ಮ್ಯಾಕೆ ಈ ಕೂಸು ನಾ ಬ್ಯಾಡ ಅಂದ್ರೆ ನಿಲ್ಲಾಕಿಲ್ಲ."

ಅಂಚೆ ಡಬ್ಬದ ಬಾಯಿಗೆ ಕಾಗದ ತುರುಕಿ, ಒಳಗೆ ಬಿದ್ದ ಸದ್ದು ಕೇಳಿಸುವ ತನಕ ಡಬ್ಬವನ್ನು ತಟ್ಟಿದೆ.