ಹರಾಜಿಗೆ ಹೋದ ಶುಂಠಿ ಸಸಿ

ಬೀದರ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಸಾಲಿನಲ್ಲಿ, ಬೀಗ ಬಿದ್ದ ಎಣ್ಣೆ ಗಿರಣಿಯ ಪಕ್ಕ, ಗೋರಖನಾಥರ ಲ್ಯಾಬು ಇತ್ತು. ಎರಡು ಕೋಣೆ, ಒಂದು ಏಸಿ, ಒಂದು ಸೂಕ್ಷ್ಮದರ್ಶಕ, ಕೆಲಸಕ್ಕೆ ಸುಸನ್ನಾ ಒಬ್ಬಳೇ. ಔರಾದ ಕಡೆಯ ಗೋರಖನಾಥ ಪಿಎಚ್‌ಡಿ ಮುಗಿಸಿ, ಮಾಡುವುದನ್ನು ನಮ್ಮ ಜಿಲ್ಲೆಯಲ್ಲೇ ಮಾಡುತ್ತೇನೆ ಎಂದು ಬಂದ ಮನುಷ್ಯ. ಅವರು ಬಂದ ಮೇಲೆ ಮಳೆ ಬರಲಿಲ್ಲ.

ಅವರು ಹಿಡಿದದ್ದು ಶುಂಠಿಯ ಕೆಲಸ. ಭಾಲ್ಕಿ ಸೀಮೆಯ ನಾಟಿ ಶುಂಠಿಗೆ ಕೊಳೆರೋಗ ತಗುಲಿತ್ತು. ಶುಂಠಿಗೆ ಬಿತ್ತುವ ಬೀಜವಿಲ್ಲ, ಗಡ್ಡೆಯನ್ನೇ ಮುರಿದು ಊರಬೇಕು. ಗಡ್ಡೆಯ ಜೊತೆ ರೋಗವೂ ನೆಲಕ್ಕಿಳಿಯುತ್ತದೆ. ಗೋರಖನಾಥರ ಉಪಾಯ ಹೀಗಿತ್ತು: ಬಾಟಲಿಯೊಳಗೆ ಬೆಳೆಸಿದ ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಕಿಣ್ವದ ರಸದಲ್ಲಿ ನೆನೆಸಿದರೆ ಒಂದೊಂದು ಜೀವಕೋಶದ ಗೋಡೆಯೂ ಕರಗುತ್ತದೆ. ಗೋಡೆ ಕಳೆದುಕೊಂಡ ಕೋಶ ಗುಂಡಗಾಗಿ ತೇಲುತ್ತದೆ. ಅದನ್ನು ಪ್ರೋಟೋಪ್ಲಾಸ್ಟ್ ಅನ್ನುತ್ತಾರೆ. ಆ ಬತ್ತಲೆ ಕೋಶಗಳಿಗೆ ಕೊಳೆರೋಗದ ವಿಷ ಉಣಿಸಬೇಕು. ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಸಾಯದೆ ಉಳಿದದ್ದು ಮತ್ತೆ ಗೋಡೆ ಕಟ್ಟಿಕೊಂಡು, ಒಡೆದು ಎರಡಾಗಿ, ಬಿಳಿ ಗಂಟಾಗಿ, ಗಂಟು ಚಿಗುರಿ ಗಿಡವಾದರೆ ರೋಗಕ್ಕೆ ಬಗ್ಗದ ಶುಂಠಿ ಸಿಕ್ಕಿತು ಎಂದು ಆಸೆ ಇಟ್ಟುಕೊಳ್ಳಬಹುದು. ಹೇಳಲು ಸುಲಭ. ಮಾಡುವಷ್ಟರಲ್ಲಿ ಎರಡು ವರ್ಷ ಹೋದವು.

ಅಷ್ಟರಲ್ಲಿ ಮಾಂಜ್ರಾ ನದಿ ಬರೀ ಮರಳಾಗಿತ್ತು. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಪುಣೆ, ಹೈದರಾಬಾದ ಗಾಡಿಗಳಿಗೆ ಜನ ಗಂಟುಮೂಟೆ ಹೊತ್ತು ಬಡಿದಾಡುತ್ತಿದ್ದರು. ಮೊದಲ ಗಡ್ಡೆ ಕೊಟ್ಟ ಸಾಯಗಾಂವದ ಹೊಲದಲ್ಲಿ ಈಗ ಶುಂಠಿಯೂ ಇರಲಿಲ್ಲ, ಅದನ್ನು ಬೆಳೆದವರೂ ಇರಲಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಏಸಿ ನಿಂತಾಗ ಬಾಟಲಿಗಳಿಗೆಲ್ಲ ಬೂಷ್ಟು ಹಿಡಿದು ಗಂಟುಗಳೂ ಹೋದವು. ಅದಕ್ಕೆ ಮೊದಲೇ ಮಣ್ಣಿಗೆ ಇಳಿಸಿದ್ದ ಒಂದೇ ಒಂದು ಸಸಿ ಉಳಿಯಿತು. ಗೇಣುದ್ದ, ನಾಲ್ಕಾರು ಎಲೆ, ಬುಡದಲ್ಲಿ ಬಟಾಣಿಯಷ್ಟು ಗಡ್ಡೆ.

"ಹೈದರಾಬಾದದ ಬೀಜದ ಕಂಪನಿಯವರು ಬುಧವಾರ ಬರ್ತಾರ," ಎಂದರು ಗೋರಖನಾಥ. "ಫೋಟೊ ನಡಿಯಂಗಿಲ್ಲ, ಜೀವಂತ ಗಿಡ ತೋರಿಸಿದ್ರ ರೊಕ್ಕ ಹಾಕ್ತೀವಿ ಅಂದಾರ. ಗಿಡ ಇದ್ರ ಲ್ಯಾಬ್ ಇರ್ತದ ಸುಸನ್ನಾ. ಇಲ್ಲಂದ್ರ ನೀವೂ ಹೊಂಟ್ರಿ, ನಾನೂ ಹೊಂಟೆ."

ನೀರಿನ ಟ್ಯಾಂಕರಿನವನು ಕೊಳಾರಕ್ಕೆ ಬರುವುದನ್ನೇ ಬಿಟ್ಟಿದ್ದ. ತಗಡಿನ ಶೆಡ್ಡು ಮಧ್ಯಾಹ್ನಕ್ಕೆ ಹಂಚಿನಂತೆ ಕಾಯುತ್ತಿತ್ತು. ಸುಸನ್ನಾ ಸಸಿಯನ್ನು ನೌಬಾದದ ತನ್ನ ಮನೆಗೆ ಒಯ್ದು ಬಚ್ಚಲ ಮೂಲೆಯಲ್ಲಿಟ್ಟಳು. ಮನೆಯಲ್ಲಿ ತೇವ ಇದ್ದದ್ದು ಅಲ್ಲೊಂದೇ ಕಡೆ. ಬಾಟಲಿಯಲ್ಲಿ ಹುಟ್ಟಿದ ಗಿಡಕ್ಕೆ ಹೊರಗಿನ ಗಾಳಿ ತಡೆಯುವುದಿಲ್ಲವೆಂದು ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ, ದಿನಕ್ಕಿಷ್ಟಿಷ್ಟು ಬಾಯಿ ತೆರೆಯುತ್ತಿದ್ದಳು.

ತಾಯಿ ಹನ್ನಾ ದವಾಖಾನೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. "ಇದೇನಬೇ, ಬಚ್ಚಲದಾಗ ಹುಲ್ಲ ತಂದಿಟ್ಟಿ?"

"ಹುಲ್ಲಲ್ಲವ್ವ, ಶುಂಠಿ. ಎರಡ ವರ್ಷದ ಕೆಲಸ."

"ಎರಡ ವರ್ಷಕ್ಕ ಇಷ್ಟೇ? ಅಷ್ಟರಾಗ ನಾ ನಿನ್ನ ಹಡದು, ನಡಿಲಿಕ್ಕೂ ಕಲಿಸಿದ್ದೆ."

ಸುಸನ್ನಾಗೆ ಸಿಟ್ಟು ಬಂತು. "ಇದರ ಒಂದ ಎಲಿ ಇದ್ರ ಸಾಕವ್ವ. ಒಂದ ಎಲಿಯಾಗ ಲಕ್ಷಗಟ್ಟಲೆ ಕೋಶ ಇರ್ತಾವ. ಒಂದೊಂದರಿಂದ ಒಂದೊಂದು ಗಿಡ ತೆಗಿಬಹುದು."

"ಅಂದ್ರ ಕರ್ತ ಐದ ರೊಟ್ಟಿ ಮುರದು ಹಂಚಿದಂಗ."

"ಹಂಗೇ ಅನ್ಕೋ."

ಅವಳು ನಕ್ಕುಬಿಟ್ಟಳು. ತಾಯಿ ನಗಲಿಲ್ಲ.

ಶನಿವಾರ ಗೋರಖನಾಥ ಅವಳನ್ನು ಔರಾದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ಅಣ್ಣನ ಬಾವಿಯಲ್ಲಿ ನೀರಿದೆ, ಲ್ಯಾಬನ್ನೇ ಅಲ್ಲಿಗೆ ಒಯ್ಯಬಹುದು ಎಂಬ ಸುದ್ದಿ ಬಂದಿತ್ತು. ಹೋಗಿ ಬಗ್ಗಿ ನೋಡಿದರೆ ತಳದಲ್ಲಿ ಕೆಸರು, ಕೆಸರಿನಲ್ಲಿ ಒಂದು ಚಪ್ಪಲಿ. ರಾತ್ರಿ ಅಣ್ಣನ ಮನೆಯಲ್ಲೇ ಉಳಿದು, ರವಿವಾರ ಬಿಸಿಲೇರಿದ ಮೇಲೆ ಬೀದರಿಗೆ ಮರಳಿದರು.

ಮನೆಯಲ್ಲಿ ತಾಯಿ ಇರಲಿಲ್ಲ. ಬಚ್ಚಲಲ್ಲಿ ಸಸಿಯೂ ಇರಲಿಲ್ಲ. ಪ್ಲಾಸ್ಟಿಕ್ ಚೀಲವನ್ನು ಮಡಚಿ ಗೂಟಕ್ಕೆ ಸಿಕ್ಕಿಸಲಾಗಿತ್ತು. ಆಗ ಸುಸನ್ನಾಗೆ ನೆನಪಾಯಿತು: ಇವತ್ತು ಚರ್ಚಿನಲ್ಲಿ ಸುಗ್ಗಿಯ ಆರಾಧನೆ.

ಸುಗ್ಗಿಯ ದಿನ ಮನೆಮನೆಯಿಂದ ಬೆಳೆಯ ಮೊದಲ ಪಾಲು ತಂದು ವೇದಿಯ ಮುಂದಿಡುತ್ತಾರೆ. ಜೋಳದ ತೆನೆ, ಕುಂಬಳಕಾಯಿ, ಕೋಳಿ, ಏನಿದ್ದರೆ ಅದು. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಹರಾಜು ಹಾಕುತ್ತಾರೆ. ಹೋದ ವರ್ಷ ತೆನೆ ಇಲ್ಲದೆ ಜನ ಬಿಸ್ಕೀಟಿನ ಪುಡಿಕೆ ತಂದಿಟ್ಟಿದ್ದರು. ಸಭೆಯ ಹಿರಿಯ ಸಾಲೋಮನ ಆಗ ಎಲ್ಲರ ಮುಂದೆ ಗದರಿಸಿದ್ದ: "ಅಂಗಡಿ ಮಾಲ್ ದೇವರಿಗ್ಯಾಕ? ಮನ್ಯಾಗ ಬೆಳದಿದ್ದ ತರ್ರಿ."

ಸುಸನ್ನಾ ಓಡಿದಳು. ಚರ್ಚಿನ ಅಂಗಳದಲ್ಲಿ ಪೆಂಡಾಲು, ಒಲೆಯ ಮೇಲೆ ಚಹದ ಹಂಡೆ, ಹಂಡೆಯ ಹತ್ತಿರ ಸೌಟು ಹಿಡಿದ ಸಾಲೋಮನ.

"ಬಾರವ್ವ ಬಾ! ಈ ವರ್ಷ ಮಣ್ಣಾಗ ಬೆಳದು ಬಂದಿದ್ದು ಅಂದ್ರ ನಿಮ್ಮ ಮನಿದೊಂದೇ ನೋಡು. ಹರಾಜದಾಗ ನಾನೇ ಹಿಡದೆ."

"ಎಲ್ಲಿ ಅದರೀ ಕಾಕಾ?"

"ಎಲ್ಲಿ ಅಂದ್ರ? ಒಬ್ಬನ ಮನಿಗಿ ಯಾಕ ಒಯ್ಯೋದು, ಎಲ್ಲರ ಬಾಯಿಗೂ ಒಂದ ಹನಿ ಬೀಳಲಿ ಅಂತ ಬೇರ ಸಮೇತ ಜಜ್ಜಿ ಚಾದಾಗ ಹಾಕಿದೆ. ಎಲಿನೂ ಭಾಳ ವಾಸನಿ ಅದ."

ಬೆಂಚಿನ ಮೇಲೆ ಕೂತವರು ಊದಿ ಊದಿ ಕುಡಿಯುತ್ತಿದ್ದರು. ಕುಡಿದವರೆಲ್ಲ ಚಲೋ ಆಗಿದೆ ಎಂದರು. ಸುಸನ್ನಾ ಚಹ ಸೋಸಿದ ಜಾಳಿಗೆಯಲ್ಲಿದ್ದ ಗಸಿಯನ್ನು ಬೆರಳಿನಿಂದ ಕೆದಕಿದಳು. ಬೆಂದ ನಾರು ಬಿಟ್ಟರೆ ಏನೂ ಇರಲಿಲ್ಲ.

ಹನ್ನಾ ಮಗಳ ಮುಖ ನೋಡಿ ಎದ್ದು ಬಂದಳು. "ಯಾಕ ಹಿಂಗ ನಿಂತಿ? ನಾ ಏನ್ ಹುಚ್ಚಿ ಇದ್ದೇನೇನು? ನಿನ್ನ ಪಾಲಿಂದು ತೆಗದೇ ಇಟ್ಟೀನಿ." ಸೊಂಟದಿಂದ ಒದ್ದೆ ಕರ್ಚೀಪು ತೆಗೆದು ಬಿಚ್ಚಿದಳು. ಒಳಗೆ ಒಂದು ಎಲೆ. "ಒಂದ ಇದ್ರ ಸಾಕ ಅಂದಿದ್ದಿಯಲ್ಲ, ದೊಡ್ಡದೇ ನೋಡಿ ಹರದೀನಿ. ಮೂವತ್ತ ವರ್ಷ ಆತು, ನಾ ಸುಗ್ಗಿಗೆ ಖಾಲಿ ಕೈಲೆ ಹೋಗಿಲ್ಲ."

ಸುಸನ್ನಾ ಕರ್ಚೀಪು ಕಸಿದುಕೊಂಡು ಲ್ಯಾಬಿಗೆ ಆಟೋ ಹತ್ತಿದಳು.

ಗೋರಖನಾಥ ಬೈಯಲಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಾಟಲಿ ಎಲಿ ಇದ್ರ ಬ್ಯಾರೆ ಮಾತು, ಇದು ಹೊರಗಿನ ಗಾಳಿ ಕಂಡದ್ದು," ಎಂದಷ್ಟೇ ಹೇಳಿದರು. ತೊಳೆದರು, ಹೆಚ್ಚಿದರು, ಕಿಣ್ವದಲ್ಲಿಟ್ಟರು. ಸೋಮವಾರ ಬೆಳಿಗ್ಗೆ ಸುಸನ್ನಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹರಿದ ಗೋಡೆಗಳ ಕಸ, ಕಸದ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಗುಂಡು.

"ಅವ ಸರ್. ಜೀವ ಅದ."

"ಎಷ್ಟವ?"

ಅವಳು ಎದ್ದು ಅವರಿಗೆ ಜಾಗ ಬಿಟ್ಟಳು. ಮೊದಲ ಸಲ ಲಕ್ಷಗಟ್ಟಲೆ ಕೋಶಗಳಲ್ಲಿ ಒಂದು ಗಿಡವಾಗಿತ್ತು. ಅದು ಇಬ್ಬರಿಗೂ ಗೊತ್ತಿದ್ದ ಲೆಕ್ಕ. ಆದರೂ ತಟ್ಟೆಗೆ ಮುಚ್ಚಳ ಹಾಕಿ ಕತ್ತಲಲ್ಲಿಟ್ಟರು. ಮಂಗಳವಾರ ನೋಡಿದಾಗ ಗುಂಡುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೂ ಗೋಡೆ ಕಟ್ಟಿರಲಿಲ್ಲ.

ಬುಧವಾರ ಕಂಪನಿಯವರು ಬಂದರು, ಫೋಟೊ ನೋಡಿದರು, ಏಸಿ ನಡೆಯುವುದಿಲ್ಲವೇ ಎಂದು ಕೇಳಿದರು, ಹೋದರು. ಗೋರಖನಾಥ ಸೂಕ್ಷ್ಮದರ್ಶಕವನ್ನು ಹಳೆ ಚಾದರದಲ್ಲಿ ಸುತ್ತಿಕೊಂಡು ಔರಾದದ ಗಾಡಿ ಹತ್ತಿದರು.

"ಬಂತೇನ ಗಿಡ?" ಸಂಜೆ ಹನ್ನಾ ಕೇಳಿದಳು.

"ಇಲ್ಲ. ಎಲ್ಲಾ ಸತ್ತವು. ಲ್ಯಾಬೂ ಮುಚ್ಚಿತು."

ಹನ್ನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಂಗಾರ ಯಾಕ ಹೇಳಿದಿ, ಒಂದ ಎಲಿ ಸಾಕಂತ?"

ಸುಸನ್ನಾ ಹೇಳಿದ್ದು ಸುಳ್ಳಾಗಿರಲಿಲ್ಲ. ಅದನ್ನು ತಾಯಿಗೆ ಬಿಡಿಸಿ ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಹನ್ನಾ ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. ರೊಟ್ಟಿ ಹರಿಯಿತು.

ಮುಂದಿನ ವಾರ ಸುಸನ್ನಾ ಬೀದರ ಬಸ್‌ಸ್ಟ್ಯಾಂಡಿನಲ್ಲಿ ಪುಣೆ ಗಾಡಿಗೆ ನಿಂತಳು. ಅಲ್ಲಿ ಗುಳಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಬಿಎಸ್ಸಿ ಆದ ಹುಡುಗಿಯರನ್ನು ತೆಗೆದುಕೊಳ್ಳುತ್ತಾರಂತೆ. ಗಾಡಿ ಬಂದು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದರು. ಒಳಗೆ ಹೋದರೆ ನಡುದಾರಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಸಾಲೋಮನ ಕೂತಿದ್ದ, ಪಕ್ಕದಲ್ಲಿ ಮಗ, ಸೊಸೆ.

"ನೀನೂ ಹೊಂಟಿಯೇನವ್ವ?" ಎಂದ.

"ಹೂಂ ಕಾಕಾ."

ಅವನು ಸುರುಳಿಯ ಮೇಲೆ ಸರಿದು ಅವಳಿಗಿಷ್ಟು ಜಾಗ ಮಾಡಿಕೊಟ್ಟ. ಅವಳು ಕೂತಳು.