ಸೀಟಿನ ಕೆಳಗಿನ ಎರಡನೇ ಬ್ಯಾಟರಿ

ಬೆಳಗ್ಗೆ ಎದ್ದು ಗಾಡಿ ತಳ್ಳುವ ಕಷ್ಟ ಯಾರಿಗೆ ಗೊತ್ತಿಲ್ಲ? ರಾತ್ರಿ ಲೈಟು, ಫ್ಯಾನು ಹಾಕಿಕೊಂಡು ಗಾಡಿಯಲ್ಲೇ ಮಲಗಿರುತ್ತೇವೆ. ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. ಹೊಳೆನರಸೀಪುರದ ಹತ್ತಿರ ಹರದನಹಳ್ಳಿ ಕಡೆಯ ಪ್ರಸನ್ನಕುಮಾರನಿಗೂ ಇದೇ ಗೋಳು.

ಪ್ರಸನ್ನಕುಮಾರ, ಅವನ ಹೆಂಡತಿ ವರ್ಷಾ ಇಬ್ಬರೂ ಜೇನು ಸಾಕುವವರು. ಹೂವು ಎಲ್ಲಿದೆಯೋ ಅಲ್ಲಿಗೆ ಪೆಟ್ಟಿಗೆ ಒಯ್ಯಬೇಕು. ಅರಕಲಗೂಡಿನ ಕಡೆ ಹುಚ್ಚೆಳ್ಳು ಹೂಬಿಟ್ಟಾಗ ಅಲ್ಲಿ. ಅದು ಮುಗಿದರೆ ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ. ಹೋದಲ್ಲೆಲ್ಲ ಮನೆ ಹುಡುಕಲು ಆಗುತ್ತದೆಯೇ? ಒಂದು ಹಳೆಯ ವ್ಯಾನು ಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದರು. ಡ್ರೈವರ್ ಸೀಟಿನ ಹಿಂದೆ ಉದ್ದನೆಯ ಬೆಂಚು, ಅದರ ಮೇಲೆ ಫೋಮ್ ಹಾಸಿಗೆ. ಹಿಂಭಾಗದಲ್ಲಿ ಪೆಟ್ಟಿಗೆ ಜೋಡಿಸುವ ಜಾಗ. ಬಿಸಿಲಿನ ಕಾವು ತಡೆಯಲು ಚಾವಣಿಯ ಒಳಗೂ ಫೋಮ್ ಹೊದಿಸಿದ್ದರು. ಪ್ರಸನ್ನನ ತಾಯಿ ಬೀರಮ್ಮನೂ ಜೊತೆಗೆ ಬರುತ್ತಿದ್ದಳು. ಅಡುಗೆ ಅವಳದೇ. ಜೇನೆಂದರೆ ಅವಳಿಗೆ ಪ್ರಾಣ. ಕೈಗೆ ಬಟ್ಟೆ ಕಟ್ಟಿಕೊಳ್ಳದೆ ಪೆಟ್ಟಿಗೆ ತೆಗೆದರೂ ಹುಳಗಳು ಅವಳನ್ನು ಕಚ್ಚುತ್ತಿರಲಿಲ್ಲ.

ಆ ವರ್ಷ ಅರಕಲಗೂಡಿನ ಹತ್ತಿರ ಕೆಂಚಯ್ಯನೆಂಬ ರೈತನ ಹೊಲದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಗಾಡಿ ಸ್ಟಾರ್ಟ್ ಆಗದೆ ಕೆಂಚಯ್ಯನನ್ನೇ ಕರೆಯಬೇಕಾಗುತ್ತಿತ್ತು.

"ಏನಪ್ಪಾ ಪ್ರಸನ್ನ, ಎತ್ತಿಗೆ ಮೇವು ಆಕೋಕ್ ಮುಂಚೆ ನಿನ್ ಗಾಡಿ ತಳ್ಳೋದೇ ನಂಗೆ ಕೆಲ್ಸ ಆಗೋಯ್ತಲ್ಲ" ಎಂದು ಅವನು ನಗುತ್ತಲೇ ತಳ್ಳುತ್ತಿದ್ದ.

ಪ್ರಸನ್ನನಿಗೆ ನಾಚಿಕೆಯಾಯಿತು. ಮನೆಬಳಕೆಗೆಂದೇ ಬೇರೆ ಬ್ಯಾಟರಿ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದ. ಆಲೋಚನೆ ಸರಿಯಾಗಿಯೇ ಇತ್ತು. ತಪ್ಪಿದ್ದು ಅದನ್ನು ಜೋಡಿಸಿದ ರೀತಿಯಲ್ಲಿ.

ಬೀರಮ್ಮನ ತಂಗಿಯ ಮಗಳು ಭವ್ಯಶ್ರೀ ಹಾಸನದ ಒಂದು ಐಟಿಐನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಶಿಕ್ಷಕಿ. ಪ್ರಸನ್ನನಿಗಿಂತ ದೊಡ್ಡವಳು. ಅವನು ಅವಳಿಗೆ ಫೋನ್ ಮಾಡಿದ.

"ಅಕ್ಕ, ಇನ್ನೊಂದು ಬ್ಯಾಟ್ರಿ ತಂದಿವ್ನಿ. ಗಾಡಿ ಓಡ್ವಾಗ ಎರಡೂ ಚಾರ್ಜ್ ಆಗ್ಬೇಕು. ಪ್ಲಸ್ಸಿಂದ ಪ್ಲಸ್ಸಿಗೆ ಒಂದು ವೈರ್ ಎಳುದ್ರೆ ಸಾಕಲ್ವಾ?"

"ಸಾಕಾಗಲ್ಲ ಕಣೋ. ಹಂಗೆ ನೇರ ಜೋಡಿಸಿದ್ರೆ ರಾತ್ರಿ ಎರಡೂ ಒಟ್ಟಿಗೆ ಖಾಲಿ ಆಗ್ತವೆ. ಮಧ್ಯ ಒಂದು ರಿಲೇ ಹಾಕಿಸ್ಬೇಕು. ಎಂಜಿನ್ ಓಡುವಾಗ ಮಾತ್ರ ಅದು ಎರಡನ್ನೂ ಸೇರಿಸುತ್ತೆ, ನಿಂತಾಗ ಬೇರೆ ಮಾಡುತ್ತೆ. ವೈರ್ ದಪ್ಪ ಇರ್ಬೇಕು. ಎರಡು ಬ್ಯಾಟರಿ ಹತ್ರಾನೂ ಒಂದೊಂದು ಫ್ಯೂಸ್ ಬೇಕೇ ಬೇಕು."

"ಫ್ಯೂಸ್ ಯಾಕಕ್ಕ? ಮನೆ ಕರೆಂಟಾ ಇದು? ಬರೀ ಅನ್ನೆಲ್ಡು ವೋಲ್ಟು. ಮುಟ್ಟಿದ್ರೂ ಏನೂ ಆಗಕಿಲ್ಲ."

"ಮುಟ್ಟಿದ್ರೆ ಶಾಕ್ ಹೊಡಿಯಲ್ಲ, ನಿಜ. ಆದ್ರೆ ಬೆಂಕಿ ಹತ್ತಿಸೋಕೆ ಅದು ಸಾಕು. ನನ್ನ ಮಾತು ಕೇಳು, ಆಟೊ ಎಲೆಕ್ಟ್ರಿಷಿಯನ್ ಹತ್ರ ಮಾಡಿಸು."

"ಆಯ್ತಕ್ಕ, ನಾಳೆ ನೋಡಾನ" ಎಂದು ಫೋನ್ ಇಟ್ಟ.

ನಾಳೆ ಕೆಲಸವಿತ್ತು. ಮರುದಿನವೂ ಇತ್ತು. ಕೊನೆಗೆ ಮನೆಯ ವೈರಿಂಗಿನಲ್ಲಿ ಮಿಕ್ಕಿದ್ದ ತೆಳು ವೈರನ್ನೇ ತೆಗೆದುಕೊಂಡು ತಾನೇ ಜೋಡಿಸಿಬಿಟ್ಟ. ಬ್ಯಾಟರಿಯನ್ನು ಬೆಂಚಿನ ಕೆಳಗೆ ಸುಮ್ಮನೆ ಇಟ್ಟ. ಕಟ್ಟಲಿಲ್ಲ. ತಗಡಿಗೆ ತೂತು ಕೊರೆದು ವೈರು ದಾಟಿಸಿದ. ತೂತಿನ ಅಂಚು ಚೂಪಾಗಿಯೇ ಇತ್ತು. ಫ್ಯೂಸ್ ಹಾಕಲಿಲ್ಲ.

"ಭವ್ಯಕ್ಕ ಏನೋ ಫ್ಯೂಸು ಅಂದಿದ್ರಲ್ಲ?" ಎಂದು ವರ್ಷಾ ಕೇಳಿದಳು.

"ಅವ್ರು ಪಾಠ ಮಾಡೋರು, ಎಲ್ಲಾ ಪುಸ್ತಕದಂಗೆ ಯೋಳ್ತಾರೆ. ನೋಡು, ಲೈಟ್ ಉರೀತಾ ಇಲ್ವಾ?"

ಲೈಟು ಉರಿಯಿತು. ಫ್ಯಾನು ತಿರುಗಿತು. ಎರಡು ಬ್ಯಾಟರಿಯ ಬಲ ಸೇರಿದ್ದರಿಂದ ಬೆಳಗ್ಗೆ ಗಾಡಿಯೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವರ್ಷಾಳೂ ಮತ್ತೆ ಕೇಳಲಿಲ್ಲ.

ಹುಚ್ಚೆಳ್ಳು ಹೂವು ಉದುರುವ ಹೊತ್ತಿಗೆ ಚನ್ನರಾಯಪಟ್ಟಣಕ್ಕೆ ಹೊರಡುವ ದಿನ ಬಂತು. ಹಿಂದಿನ ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ಬಲೆ ಬಿಗಿದು ಹಿಂದೆ ಜೋಡಿಸಿದರು. ಬೆಳಕು ಹರಿಯುತ್ತಲೇ ಹೊರಟರು. ವರ್ಷಾ ಮುಂದೆ ಕುಳಿತಿದ್ದಳು, ಬೀರಮ್ಮ ಹಿಂದೆ ಬೆಂಚಿನ ಮೇಲೆ.

ಹೊಳೆನರಸೀಪುರ ದಾಟುವ ಮೊದಲೇ ಬೀರಮ್ಮ ಹೇಳಿದಳು: "ಲೇ ಪ್ರಸನ್ನ, ಏನೋ ಸುಟ್ಟಂಗೆ ವಾಸ್ನೆ ಬತ್ತೈತೆ ಕಣ್ಲಾ."

"ಯಾರೋ ರೋಡ್ ಮಗ್ಗುಲಲ್ಲಿ ಕಸ ಸುಡ್ತಾವ್ರೆ ಕಣವ್ವ."

ಊರು ದಾಟಿತು. ಬೀರಮ್ಮ ಮತ್ತೆ ಹೇಳಿದಳು: "ಕಸದ ವಾಸ್ನೆ ಅಲ್ಲ ಕಣ್ಲಾ ಇದು. ಪ್ಲಾಸ್ಟಿಕ್ಕು. ಒಂದ್ಗಳಿಗೆ ನಿಲ್ಸು."

"ಬಿಸಿಲು ಏರೋದ್ರೊಳ್ಗೆ ಓಗ್ಬೇಕವ್ವ. ಉಳ ಸಾಯ್ತಾವೆ. ಸುಮ್ಕೆ ಮಲೀಕೊ."

ಇದಾದ ಸ್ವಲ್ಪ ಹೊತ್ತಿಗೇ ಬೆಂಚಿನ ಕೆಳಗಿನಿಂದ ಕಪ್ಪು ಹೊಗೆ ಎದ್ದಿತು. ಪ್ರಸನ್ನ ಗಾಡಿ ಬದಿಗೆ ತಂದು ಕೀ ಆಫ್ ಮಾಡಿದ. ಎಂಜಿನ್ ನಿಂತಿತು, ಹೊಗೆ ನಿಲ್ಲಲಿಲ್ಲ. ಆ ವೈರಿಗೂ ಕೀಗೂ ಸಂಬಂಧವೇ ಇರಲಿಲ್ಲ. ಎರಡು ಬ್ಯಾಟರಿಗಳೂ ಅದಕ್ಕೆ ಎರಡು ತುದಿಯಿಂದ ಕರೆಂಟ್ ಹರಿಸುತ್ತಲೇ ಇದ್ದವು. ಕಡಿದು ಹಾಕಲು ಒಂದು ಸ್ವಿಚ್ಚೂ ಇರಲಿಲ್ಲ. ಫೋಮಿಗೆ ಬೆಂಕಿ ಹತ್ತಿಕೊಂಡಿತು.

ವರ್ಷಾ ಬಾಗಿಲು ಎಳೆದು ಅತ್ತೆಯನ್ನು ಕೆಳಗಿಳಿಸಿದಳು. ಅಷ್ಟಕ್ಕೇ ನಿಂತಿದ್ದರೆ ಗಾಡಿಯಷ್ಟೇ ಹೋಗುತ್ತಿತ್ತು. ಆದರೆ ಬೀರಮ್ಮನಿಗೆ ಒಳಗಿನ ಸದ್ದು ಕೇಳಿಸಿತು. ಬಲೆ ಬಿಗಿದ ಪೆಟ್ಟಿಗೆಗಳೊಳಗೆ ಹುಳಗಳು ಒಟ್ಟಿಗೆ ಮೊರೆಯುತ್ತಿದ್ದವು.

"ಅಯ್ಯೋ, ಬಾಗ್ಲು ಆಕ್ಬುಟ್ಟಿವಿ ಕಣ್ಲಾ, ಅವೆಂಗ್ ಈಚ್ಗೆ ಬತ್ತಾವೆ!" ಎಂದವಳೇ ಹಿಂದಿನ ಬಾಗಿಲಿಗೆ ಓಡಿದಳು. ಮಗ ಬಂದು ಹಿಡಿಯುವಷ್ಟರಲ್ಲಿ ಒಂದು ಪೆಟ್ಟಿಗೆ ಹೊರಗೆಳೆದಿದ್ದಳು. ಇನ್ನೊಂದಕ್ಕೆ ಕೈ ಹಾಕಿದಾಗ ಚಾವಣಿಯ ಫೋಮ್ ಕರಗಿ ಉರಿಯುತ್ತ ಅವಳ ಎರಡೂ ಕೈಗಳ ಮೇಲೆ ಸುರಿಯಿತು.

ದಾರಿಹೋಕರು ನೀರು ಸುರಿದರು. ಯಾರೋ ಕಾರಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದೊಯ್ದರು. ವ್ಯಾನು ರಸ್ತೆಬದಿಯಲ್ಲೇ ಸುಟ್ಟು ಮುಗಿಯಿತು. ಬೀರಮ್ಮ ಹೊರಗೆಳೆದ ಆ ಒಂದು ಪೆಟ್ಟಿಗೆ ಬಿಟ್ಟು ಉಳಿದ ಹುಳಗಳೆಲ್ಲ ವ್ಯಾನಿನ ಜೊತೆಗೇ ಹೋದವು.

ವಿಷಯ ತಿಳಿದು ಭವ್ಯಶ್ರೀ ಆಸ್ಪತ್ರೆಗೆ ಓಡಿ ಬಂದಳು. ಪ್ರಸನ್ನ ಗೋಡೆಗೆ ಒರಗಿ ನಿಂತಿದ್ದ.

"ಬಯ್ಯಕ್ಕ ನನ್ನ. ನೀನು ಯೋಳ್ದೆ. ಅವ್ವನೂ ಎರಡು ಸಲ ಯೋಳುದ್ಳು. ನಾನೇ ಕೇಳ್ಲಿಲ್ಲ."

"ಬೈದ್ರೆ ದೊಡ್ಡವ್ವನ ಕೈ ಸರಿ ಹೋಗುತ್ತಾ?" ಎಂದಳು ಭವ್ಯಶ್ರೀ. "ನಾನೂ ಫೋನಲ್ಲಿ ಹೇಳಿ ಸುಮ್ಮನಾದೆ. ಒಂದು ಭಾನುವಾರ ಬಂದು ನೋಡಿದ್ರೆ ಆಗ್ತಿತ್ತು."

ಬೀರಮ್ಮ ಮಗನನ್ನು ಬೈಯಲಿಲ್ಲ. ಎರಡೂ ಕೈಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದವಳು, "ಓಗ್ಲಿ ಬುಡ್ಲಾ. ಆಗೋದು ಆಗೋಯ್ತು. ಉಂಡ್ಯಾ?" ಎಂದಳು. ಪ್ರಸನ್ನ ಹೊರಗೆ ಹೋಗಿ ಅತ್ತ.

ಗಾಯ ಮಾಗಿತು. ಚರ್ಮ ಬಿಗಿದುಕೊಂಡು ಬೆರಳುಗಳು ಪೂರ್ತಿ ಮಡಚದಂತಾದವು. ಈಗ ಮುದ್ದೆ ಕಟ್ಟುವುದು ವರ್ಷಾ. ಊಟಕ್ಕೆ ಕುಳಿತಾಗ ಮುದ್ದೆ ಮುರಿದು ತುತ್ತು ಮಾಡಿಕೊಡುವುದು ಪ್ರಸನ್ನ. ಬೀರಮ್ಮ ಅಳುವುದಿಲ್ಲ. ಮಗನ ಮುಖ ಮಾತ್ರ ನೋಡುವುದಿಲ್ಲ, ತಟ್ಟೆ ನೋಡುತ್ತಾಳೆ.

ಮುಂದಿನ ಹೂವಿನ ಕಾಲಕ್ಕೆ ಇನ್ನೊಂದು ಹಳೆಯ ಗಾಡಿ ಬಂತು. ಈ ಸಲ ಪ್ರಸನ್ನ ವೈರು ಮುಟ್ಟಲಿಲ್ಲ. ಹೊಳೆನರಸೀಪುರದ ಆಟೊ ಎಲೆಕ್ಟ್ರಿಷಿಯನ್ ರುದ್ರೇಶನ ಅಂಗಡಿಯಲ್ಲಿ ಕೆಲಸ ನಡೆಯಿತು. ಭವ್ಯಶ್ರೀ ರಜೆ ಹಾಕಿ ಬಂದು ಪಕ್ಕದಲ್ಲೇ ನಿಂತಳು. ವೈರು ದಪ್ಪದ್ದು. ತಗಡು ದಾಟುವಲ್ಲಿ ರಬ್ಬರ್ ಬಳೆ. ಬ್ಯಾಟರಿ ಗಾಳಿಯಾಡುವ ಪೆಟ್ಟಿಗೆಯಲ್ಲಿ, ಅಲುಗಾಡದಂತೆ ಬಿಗಿದು, ಮಲಗುವ ಜಾಗದಿಂದ ದೂರ. ನಡುವೆ ರಿಲೇ, ಎರಡು ಬ್ಯಾಟರಿಯ ಹತ್ತಿರವೂ ಒಂದೊಂದು ಫ್ಯೂಸ್. ಕೈಗೆಟಕುವಲ್ಲಿ ಎಲ್ಲ ಕಡಿದು ಹಾಕುವ ಸ್ವಿಚ್ಚು.

"ಆವತ್ತು ಏನಾಯ್ತು ಗೊತ್ತಾ?" ಎಂದು ಭವ್ಯಶ್ರೀ ವಿವರಿಸಿದಳು. "ತೆಳು ವೈರು ಭಾರ ತಡೀಲಾರದೆ ಬಿಸಿಯಾಯ್ತು. ಮೇಲಿನ ಪ್ಲಾಸ್ಟಿಕ್ ಮೆತ್ತಗಾಯ್ತು. ಗಾಡಿ ಕುಲುಕಿದಾಗೆಲ್ಲ ತಗಡಿನ ಅಂಚು ಅದನ್ನ ಕೊಯ್ತು. ಒಳಗಿನ ತಾಮ್ರ ತಗಡಿಗೆ ತಾಗಿ ಶಾರ್ಟ್ ಆಯ್ತು, ಯಾಕಂದ್ರೆ ಗಾಡಿಯ ತಗಡೆಲ್ಲ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತೆ. ಫ್ಯೂಸ್ ಇದ್ದಿದ್ರೆ ಆ ಕ್ಷಣಾನೇ ಕರೆಂಟ್ ನಿಲ್ತಿತ್ತು."

ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದ ಬೀರಮ್ಮ ಕೇಳಿದಳು: "ಆ ಫೀಜು ಅಂದ್ರೆ ಯಾವ್ದವ್ವ? ನಂಗೊಂಚೂರು ತೋರ್ಸು."

ಪ್ರಸನ್ನ ಒಂದು ಫ್ಯೂಸ್ ತಂದ. ಅವ್ವನ ಬೆರಳಿಗೆ ಹಿಡಿತ ಇರಲಿಲ್ಲವಾದ್ದರಿಂದ ತನ್ನ ಅಂಗೈಯಲ್ಲೇ ಇಟ್ಟು ತೋರಿಸಿದ. ಬೀರಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟೇಯಾ?" ಎಂದಳು.

ರುದ್ರೇಶ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

ಈಗ ಪ್ರಸನ್ನ ದಾರಿಯಲ್ಲಿ ಕ್ಯಾಂಟೀನ್ ಗಾಡಿ, ಯಾತ್ರೆಗೆ ಹೊರಟ ವ್ಯಾನು ಕಂಡರೆ ನಿಲ್ಲಿಸಿ, "ಅಣ್ಣ, ಎರಡ್ನೇ ಬ್ಯಾಟ್ರಿ ಐತಾ? ಫ್ಯೂಸ್ ಆಕ್ಸಿದ್ದೀರಾ?" ಎಂದು ಕೇಳುತ್ತಾನೆ. ಕೆಲವರು ನಗುತ್ತಾರೆ. ಅವನು ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಭವ್ಯಕ್ಕನ ಮಾತನ್ನು ತಾನೂ ಹಾಗೇ ತಳ್ಳಿಹಾಕಿದ್ದು ಅವನಿಗೆ ನೆನಪಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯಲ್ಲೂ ಎರಡನೇ ಬ್ಯಾಟರಿ ಇರಬಹುದು. ಅದನ್ನು ತಿಳಿದವರಿಂದಲೇ ಹಾಕಿಸಿಕೊಳ್ಳಿ. ಎರಡು ತುದಿಯಲ್ಲೂ ಫ್ಯೂಸ್ ಇದೆಯೇ, ವೈರು ದಪ್ಪವಿದೆಯೇ, ಎಲ್ಲಾದರೂ ತಗಡಿಗೆ ಉಜ್ಜುತ್ತಿದೆಯೇ ನೋಡಿ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಮೊದಲು ಜನರನ್ನು ಇಳಿಸಿ. ಇಳಿದವರು ಯಾವ ವಸ್ತುವಿಗಾಗಿಯೂ, ಯಾವ ಜೀವಕ್ಕಾಗಿಯೂ ಮತ್ತೆ ಒಳಗೆ ಹೋಗದಂತೆ ಹಿಡಿದುಕೊಳ್ಳಿ.

ಇವತ್ತೇ ಸೀಟು ಎತ್ತಿ ನೋಡಿ. ನಾಳೆ ನೋಡೋಣ ಎಂದವರಲ್ಲಿ ಪ್ರಸನ್ನಕುಮಾರನೂ ಒಬ್ಬ.