ಟೈಲರ್ ಅಕ್ಕನ ಬಲಗೈ

ನಮ್ಮ ಬೀದಿಯ ಟೈಲರ್ ಅಕ್ಕ ತನ್ನ ಅಂಗಿಯ ಬಲತೋಳನ್ನು ಮಾತ್ರ ಅಗಲವಾಗಿ ಹೊಲಿದುಕೊಳ್ಳತೊಡಗಿದಾಗಲೇ ನನಗೆ ಅನುಮಾನ ಬಂತು. ಎರಡು ವರ್ಷದ ಹಿಂದೆ ಅವಳ ಬಲಗಡೆ ಎದೆಯ ಕ್ಯಾನ್ಸರ್ ಗಡ್ಡೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ನಾನು ಈ ಬೀದಿಯ ಆರೋಗ್ಯ ಕಾರ್ಯಕರ್ತೆ, ಕೇಳದೆ ಬಿಡುವವಳಲ್ಲ.

"ಕೈ ತೋರಿಸಕ್ಕಾ."

"ಏನಿಲ್ವೇ. ಮೆಷಿನ್ ತುಳಿದೂ ತುಳಿದೂ ಸ್ವಲ್ಪ ಊತ."

"ಮೆಷಿನ್ ತುಳಿಯೋದು ಕಾಲು. ಊದಿರೋದು ಕೈ!"

ನಗುತ್ತಲೇ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಒಳಗೆ ದಪ್ಪ ಬಟ್ಟೆಯ ಇನ್ನೊಂದು ತೋಳು! ಆಸ್ಪತ್ರೆಯಲ್ಲಿ ಯಾರೋ ಊತಕ್ಕೆಂದು ಹಾಕಿಕೊಂಡದ್ದನ್ನು ಕಣ್ಣಳತೆಯಲ್ಲೇ ನೋಡಿ ಬಂದು ಮನೆಯಲ್ಲಿ ಹೊಲಿದಿದ್ದಳು.

"ಮೇಲಿಂದ ಊತದ ನೀರು ಕೈಗೆ ಇಳೀಬಾರದು ಅಂತ ಭುಜದ ಹತ್ರ ಬಿಗಿ ಎಲಾಸ್ಟಿಕ್ ಕೊಟ್ಟಿದ್ದೀನಿ," ಎಂದಳು.

"ಅಯ್ಯೋ, ನೀರು ಮೇಲಕ್ಕೆ ಹೋಗ್ಬೇಕಕ್ಕಾ! ನೀನು ಬಾಗಿಲಿಗೇ ಬೀಗ ಹಾಕಿದ್ದೀಯ. ಮೊದ್ಲು ತೆಗಿ ಇದನ್ನ. ಬೆರಳು ಹೇಗಿದೆ?"

ಅವಳ ಕಣ್ಣು ತುಂಬಿತು. "ಜೋಮು ಹಿಡಿಯುತ್ತೆ. ಸೂಜಿ ಕೈಯಲ್ಲಿದೆ ಅಂದ್ಕೊಂಡಿರ್ತೀನಿ, ನೋಡಿದ್ರೆ ನೆಲದ ಮೇಲೆ. ಈ ಕೈ ಹೋದ್ರೆ ನಾನು ಯಾವ ಟೈಲರ್ರೇ?"

ಅವಳ ಅತ್ತೆ ಒಳಗಿಂದಲೇ ಹೇಳಿದರು: "ಪ್ರಾಣ ಉಳಿದಿದ್ದೇ ದೊಡ್ಡದು. ಊತಕ್ಕೆಲ್ಲ ಆಸ್ಪತ್ರೆ ಯಾಕೆ? ನಾನೇ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ತೀನಿ."

"ಅಜ್ಜೀ, ನಿಮ್ಮ ಕೈಗೆ ಸಿಕ್ಕರೆ ಇರೋ ಕೈಯೂ ಹೋಗುತ್ತೆ. ನಾಳೆ ಆಸ್ಪತ್ರೆಗೆ ನೀವೂ ಬನ್ನಿ."

ಬಂದರು, ಗೊಣಗುತ್ತಲೇ. ವೈದ್ಯರು ಊತಕ್ಕೆ ಬೇರೆ ಕಾರಣವಿಲ್ಲವೆಂದು ಪರೀಕ್ಷಿಸಿ ಖಚಿತ ಮಾಡಿಕೊಂಡು, ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿಯ ಮೇಡಂ ಟೇಪು ಹಿಡಿದು ಮಣಿಕಟ್ಟಿನಿಂದ ಭುಜದವರೆಗೆ ಅಳತೆ ತೆಗೆದರು. ಜೀವಮಾನವೆಲ್ಲ ಊರಿನವರ ಅಳತೆ ತೆಗೆದವಳು ಮಗುವಿನಂತೆ ಕೈ ಚಾಚಿ ಕೂತಿದ್ದಳು.

"ಗ್ರಂಥಿ ತೆಗೆದ ಮೇಲೆ ನೀರು ಹರಿಯೋ ದಾರಿ ಕಮ್ಮಿಯಾಗಿದೆ. ನಿಂತ ನೀರು ನರವನ್ನ ಒತ್ತುತ್ತೆ, ಅದಕ್ಕೇ ಜೋಮು," ಎಂದು ಮೇಡಂ ಚರ್ಮವನ್ನು ಮೆಲ್ಲಗೆ ನೀವತೊಡಗಿದರು.

ಅಜ್ಜಿಗೆ ತಡೆಯಲಾಗಲಿಲ್ಲ. "ಇಷ್ಟೇನಾ? ಬೆಕ್ಕಿನ ಮರಿ ಸವರಿದ ಹಾಗೆ!"

"ಇಷ್ಟೇ ಅಮ್ಮಾ. ಗಟ್ಟಿಯಾಗಿ ತಿಕ್ಕಿದ್ರೆ ಊತ ಹೆಚ್ಚುತ್ತೆ. ಊತಕ್ಕೆ ಹಾಕೋ ತೋಳುಪಟ್ಟಿ ಕೂಡ ಮಣಿಕಟ್ಟಲ್ಲಿ ಬಿಗಿ ಇದ್ದು, ಮೇಲೆ ಹೋಗ್ತಾ ಹೋಗ್ತಾ ಸಡಿಲ ಆಗ್ಬೇಕು."

ಬೆರಳಿನಿಂದ ಮೇಲಕ್ಕೆ ಬ್ಯಾಂಡೇಜ್ ಸುತ್ತಿದರು. ಬೆರಳಿಗೆ, ಭುಜಕ್ಕೆ, ಒತ್ತಿಹೋದ ನರಕ್ಕೆ ಬೇರೆಬೇರೆ ವ್ಯಾಯಾಮ ಕಲಿಸಿದರು. ಊತ ಸಾಕಷ್ಟು ಇಳಿದ ಮೇಲೆ ಅಳತೆಗೆ ತಕ್ಕ ತೋಳುಪಟ್ಟಿ ಕೊಟ್ಟರು. ಊತ ಪೂರ್ತಿ ಹೋಗಿಲ್ಲ, ಹತೋಟಿಯಲ್ಲಿದೆ. ಜೋಮು ಬಹಳ ಇಳಿದಿದೆ. ಮೊನ್ನೆ ಅಕ್ಕ ಅಂಗಿಯೊಂದಕ್ಕೆ ಕೈಯಲ್ಲೇ ಗುಂಡಿಯ ಕಾಜಾ ಹೊಲಿದಳು. ಅಜ್ಜಿ ಅದನ್ನು ಮನೆಮನೆಗೆ ತೋರಿಸಿಕೊಂಡು ಬಂದರು!

ಎದೆಯ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದಾರೆಯೇ? ಕೈ ಭಾರವೇ, ಉಂಗುರ ಬಿಗಿಯೇ, ಬೆರಳು ಜೋಮು ಹಿಡಿಯುತ್ತದೆಯೇ ಎಂದು ಇವತ್ತೇ ಕೇಳಿ. ಬೇಗ ಆಸ್ಪತ್ರೆಗೆ ಹೋದಷ್ಟೂ ಗುಣ ಹೆಚ್ಚು. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅದೇ ದಿನ ವೈದ್ಯರನ್ನು ಕಾಣಿ. ಒಬ್ಬರೇ ಹೋಗಲು ಸಂಕೋಚವೇ? ನಿಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಕರೆಯಿರಿ. ನಾವು ಜೊತೆಗೆ ಬರುತ್ತೇವೆ.